ಒಂದು ದಿನದ ಫಿಜಿಯವ

ಎಲ್ಲಕ್ಕೂ ಕಾರಣ ಭಾವನ ಕಾಗದ.

ರಘೋತ್ತಮನ ಹೆಂಡತಿ ಅನಸೂಯಳ ಅಣ್ಣ ಶೇಷಾದ್ರಿ ಮೈಸೂರಿನಲ್ಲಿ ಗಣಿತದ ಮೇಷ್ಟರಾಗಿದ್ದವರು, ಮೂರು ವರ್ಷದ ಹಿಂದೆ ಫಿಜಿ ದ್ವೀಪಗಳ ಒಂದು ಹೈಸ್ಕೂಲಿಗೆ ಹೋಗಿ ಸೇರಿದ್ದರು. ತಿಂಗಳಿಗೊಮ್ಮೆ ತಂಗಿಗೂ ತಂಗಿಯ ಗಂಡನಿಗೂ ಸೇರಿಸಿ ಕಾಗದ ಬರೆಯುತ್ತಿದ್ದರು. ಇರುವೆ ಸಾಲಿನಂಥ ಅಕ್ಷರ. ಓದಿ ಮುಗಿಸಲು ಒಂದು ಊಟದ ಬಿಡುವು ಪೂರ್ತಿ ಬೇಕು. ಹಾಗಾಗಿ ಆ ಗುರುವಾರ ರಘೋತ್ತಮ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಆಫೀಸಿಗೆ ಹೋದ.

ಅಮೆರಿಕದ ಡೆಟ್ರಾಯಿಟ್ ಪಕ್ಕದ ವಾರೆನ್ನಿನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಅವನು ಬಾಗಿಲಿನ ಕೀಲುಗಳ ನಕ್ಷೆ ಬರೆಯುತ್ತಿದ್ದ. ಅದು ಎಪ್ಪತ್ತನಾಲ್ಕನೇ ಇಸವಿ. ಪೆಟ್ರೋಲಿಗೆ ಸಾಲು ನಿಂತು ಬೇಸತ್ತ ಜನ ದೊಡ್ಡ ಕಾರು ಕೊಳ್ಳುವುದನ್ನೇ ಬಿಟ್ಟಿದ್ದರು. ಕಾರಿಲ್ಲದಿದ್ದರೆ ಬಾಗಿಲಿಲ್ಲ, ಬಾಗಿಲಿಲ್ಲದಿದ್ದರೆ ಕೀಲಿಲ್ಲ. ವಾರಕ್ಕೊಬ್ಬರ ಮೇಜು ಸದ್ದಿಲ್ಲದೆ ಖಾಲಿಯಾಗುತ್ತಿತ್ತು. ರಘೋತ್ತಮನ ಗ್ರೀನ್ ಕಾರ್ಡಿನ ಅರ್ಜಿ ಇನ್ನೂ ಯಾವುದೋ ಫೈಲಿನಲ್ಲಿ ನಿದ್ದೆ ಮಾಡುತ್ತಿತ್ತು. ಈಗ ಕೆಲಸ ಹೋದರೆ ಗಂಟುಮೂಟೆ ಕಟ್ಟುವುದೊಂದೇ ದಾರಿ.

ಅವನ ಮೇಲಧಿಕಾರಿ ಪ್ರಿಚರ್ಡ್ ಸಾಹೇಬರು ವೇಲ್ಸ್ ದೇಶದವರು. ಐವತ್ತೈದು ದಾಟಿದ ಭಾರೀ ಆಳು. ಮೂಗು ಮೂರು ಸಲ ಮುರಿದು ಈಗ ಯಾವ ದಿಕ್ಕಿಗೆ ತಿರುಗಿದೆ ಎಂದು ಹೇಳುವುದೇ ಕಷ್ಟವಾಗಿತ್ತು. ಮೂರು ಸಲವೂ ರಗ್ಬಿ ಆಟದಲ್ಲೇ ಮುರಿದದ್ದು. ಊಟದ ಹೊತ್ತಿಗೆ ಅವರು ಬಂದು ಕಾಗದದ ಮೇಲಿನ ಅಂಚೆಚೀಟಿ ನೋಡಿ, ಫಿಜಿಯೇ ಎಂದು ಕೇಳಿದರು. ಹೌದೆಂದ. ನಿನ್ನವರೇ ಎಂದರು. ನನ್ನವರೇ ಎಂದ. ಬಾಯಲ್ಲಿ ಚಪಾತಿ ಇತ್ತು. ಅದಕ್ಕಿಂತ ಹೆಚ್ಚು ವಿವರಿಸಲು ಆಗಲಿಲ್ಲ.

ಮೂರು ಗಂಟೆಯ ಹೊತ್ತಿಗೆ ರಘೋತ್ತಮ ಫಿಜಿಯವನು ಎಂಬ ಸುದ್ದಿ ಇಡೀ ವಿಭಾಗಕ್ಕೆ ಹಬ್ಬಿತ್ತು. ನಾಲ್ಕಕ್ಕೆ ಸಾಹೇಬರು ಒಳಗೆ ಕರೆದರು. ಫಿಜಿ, ಟೊಂಗಾ, ಪಶ್ಚಿಮ ಸಮೋವಾ, ಹೀಗೆ ಶಾಂತಸಾಗರದ ಮೂರು ದ್ವೀಪರಾಷ್ಟ್ರಗಳ ರಗ್ಬಿ ತಂಡಗಳು ಅಮೆರಿಕದ ಪ್ರವಾಸಕ್ಕೆ ಬಂದಿದ್ದವು. ಶನಿವಾರ ಇಲ್ಲೇ ಒಂದು ಹೈಸ್ಕೂಲಿನ ಮೈದಾನದಲ್ಲಿ ಅವುಗಳ ಪಂದ್ಯಾವಳಿ. ನಡೆಸುವುದು ಸಾಹೇಬರ ಕ್ಲಬ್ಬು. ಪ್ರತಿ ತಂಡವೂ ಮೈದಾನದ ಪಕ್ಕದ ಗೆರೆ ಕಾಯಲು ತನ್ನವನೊಬ್ಬನನ್ನು ಕೊಡಬೇಕು. ಫಿಜಿಯ ಮ್ಯಾನೇಜರು ಶಿಕಾಗೋದಲ್ಲಿ ಹೊಟ್ಟೆ ಕೆಡಿಸಿಕೊಂಡು ಅಲ್ಲೇ ಮಲಗಿಬಿಟ್ಟಿದ್ದ.

"ಬಾವುಟ ಹಿಡ್ಕೊಂಡು ನಿಲ್ಲೋದು, ಅಷ್ಟೇ ಕೆಲಸ. ಫಿಜಿ ಕಡೆಯಿಂದ ನೀನು ನಿಲ್ತೀಯಲ್ಲ, ರಘು?" ಎಂದರು ಸಾಹೇಬರು.

ಅವರ ಬೆನ್ನ ಹಿಂದಿನ ಗಾಜಿನಲ್ಲಿ ಆ ವಾರ ಖಾಲಿಯಾದ ಎರಡು ಮೇಜುಗಳು ಕಾಣುತ್ತಿದ್ದವು. ರಘೋತ್ತಮ ನಿಲ್ಲುತ್ತೇನೆ ಎಂದ.

ಕಷ್ಟವೆಂದರೆ ಅದೇ ಶನಿವಾರ ಸಂಜೆ ಡೆಟ್ರಾಯಿಟ್ ಕನ್ನಡಿಗರ ಗಣೇಶನ ಹಬ್ಬ. ಒಂದು ಚರ್ಚಿನ ನೆಲಮಾಳಿಗೆಯನ್ನು ಬಾಡಿಗೆಗೆ ಹಿಡಿದಿದ್ದರು. ಅರವತ್ತು ಜನರ ಪುಳಿಯೋಗರೆ ಅನಸೂಯಳ ಪಾಲಿಗೆ ಬಂದಿತ್ತು. ಅವಳು ಬೆಳಗಿನ ಜಾವ ಎದ್ದು ಅನ್ನ ಬಸಿದು, ಗೊಜ್ಜು ಕಲೆಸಿ, ಕಡಲೇಕಾಯಿ ಹುರಿದು ಹಾಕಿ, ಮೂರು ದೊಡ್ಡ ಪಾತ್ರೆಗಳನ್ನು ಸ್ಟೇಷನ್ ವ್ಯಾಗನ್ನಿನ ಹಿಂಬದಿಗೆ ಏರಿಸಿದಳು. ಆಟ ಮುಗಿಸಿಕೊಂಡು ಅಲ್ಲಿಂದಲೇ ಚರ್ಚಿಗೆ ಹೋಗುವುದೆಂದು ತೀರ್ಮಾನವಾಯಿತು.

ಜೊತೆಗೆ ಪಕ್ಕದ ಅಪಾರ್ಟ್‌ಮೆಂಟಿನ ತಿರುಮಲೇಶ ಮತ್ತು ಅವರ ಹೆಂಡತಿ ಪದ್ಮ ಹೊರಟರು. ತಿರುಮಲೇಶರಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇರಲಿಲ್ಲ. ಬೆಂಗಳೂರಿನಲ್ಲಿ ಓದುವಾಗ ದಂಡು ಪ್ರದೇಶದ ಒಂದು ಮೈದಾನದ ಬೇಲಿಯಾಚೆ ನಿಂತು ಅವರು ರಗ್ಬಿ ನೋಡಿದ್ದರಂತೆ, ಕಾಲು ಗಂಟೆ. ಆ ಕಾಲು ಗಂಟೆಯ ವಿದ್ಯೆಯನ್ನು ಅವರು ಹನ್ನೆರಡು ಮೈಲಿಯುದ್ದಕ್ಕೂ ಹಂಚಿದರು. ಚೆಂಡು ಮೊಟ್ಟೆಯಂತಿರುತ್ತದೆ, ಮುಂದಕ್ಕೆ ಎಸೆಯಬಾರದು, ಹಿಂದಕ್ಕೆ ಎಸೆಯಬಹುದು, ಮಿಕ್ಕಿದ್ದೆಲ್ಲ ಹೊಡೆದಾಟ.

ಸಾಹೇಬರಿಗೆ ನಿಜ ಹೇಳಿಬಿಟ್ಟರೆ ವಾಸಿಯಲ್ಲವೇ ಎಂದು ಅನಸೂಯ ಕೇಳಿದಳು. ತಿರುಮಲೇಶರು ಗಾಬರಿಯಿಂದ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದರು.

"ಎಲ್ಲಾದ್ರೂ ಉಂಟೇನಮ್ಮಾ? ಈ ಟೈಮಲ್ಲಿ ಬಾಸು ನೀನು ಚಂದ್ರಲೋಕದೋನು ಅಂದ್ರೂ ಹೌದು ಸಾರ್, ಅಲ್ಲೇ ಎರಡನೇ ಕ್ರಾಸು ಅನ್ಬೇಕು."

ಮೈದಾನದಲ್ಲಿ ಬಸ್ಸು ಬಂದು ನಿಂತಿತು. ಇಳಿದವರನ್ನು ನೋಡಿ ರಘೋತ್ತಮ ಎರಡು ಹೆಜ್ಜೆ ಹಿಂದೆ ಸರಿದ. ಒಬ್ಬೊಬ್ಬನೂ ಫ್ರಿಜ್ಜಿಗೆ ಕೈಕಾಲು ಮೂಡಿದ ಹಾಗಿದ್ದ. ಸಾಹೇಬರು ಅವನ ಭುಜ ಹಿಡಿದು ಫಿಜಿ ತಂಡದ ನಾಯಕ ವಿಲಿಯಾಮೆಯ ಮುಂದೆ ನಿಲ್ಲಿಸಿ, ಇವನು ನಿಮ್ಮೂರಿನವನೇ ಎಂದರು. ವಿಲಿಯಾಮೆ ಕೈಕುಲುಕಿದ. ರಘೋತ್ತಮನ ಕೈ ಮೊಣಕೈವರೆಗೂ ಕಾಣೆಯಾಯಿತು. ಮರುಕ್ಷಣವೇ ಆ ಅಸಾಮಿ ಮುಖವರಳಿಸಿ ಹಿಂದಿಯಲ್ಲಿ ಮಾತಿಗೆ ಶುರುವಿಟ್ಟ.

ಫಿಜಿಯ ಕಬ್ಬಿನ ಊರುಗಳಲ್ಲಿ ಇಂಡಿಯಾದಿಂದ ಹೋದವರ ಮಕ್ಕಳು ಮೊಮ್ಮಕ್ಕಳು ತುಂಬಿದ್ದಾರೆ, ಅವರ ನೆರೆಯಲ್ಲಿ ಬೆಳೆದವರಿಗೂ ಹಿಂದಿ ಬರುತ್ತದೆ ಎಂದು ಭಾವ ಹಿಂದೊಮ್ಮೆ ಬರೆದದ್ದು ಆಗ ನೆನಪಾಗಿ ಏನು ಪ್ರಯೋಜನ? ಮೈಸೂರಿನ ರಘೋತ್ತಮ ಹಿಂದಿಯ ಎರಡನೇ ಪರೀಕ್ಷೆಯಲ್ಲೇ ಫೇಲಾದವನು. ಸಾಹೇಬರು ಪಕ್ಕದಲ್ಲೇ ನಿಂತು, ಒಂದೇ ನೆಲದ ಮಕ್ಕಳ ಭೇಟಿಯನ್ನು ಕಣ್ತುಂಬ ನೋಡುತ್ತಿದ್ದರು. ಏನಾದರೂ ಹೇಳಲೇಬೇಕಾಗಿತ್ತು. ತಲೆಯ ಮೂಲೆಯಲ್ಲಿ ಉಳಿದಿದ್ದ ಒಂದೇ ವಾಕ್ಯವನ್ನು ಅವನು ಹೊರತೆಗೆದ.

"ಗಾಯ್ ಘಾಸ್ ಖಾತೀ ಹೈ."

ಹಸು ಹುಲ್ಲು ತಿನ್ನುತ್ತದೆ ಎಂದು ತಿಳಿಸಿದ ಈ ನಾಡಬಾಂಧವನನ್ನು ವಿಲಿಯಾಮೆ ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ಬಹಳ ಗಂಭೀರವಾಗಿ ತಲೆದೂಗಿ, "ಹಾಂ ಭಯ್ಯಾ, ಬಹುತ್ ಖಾತೀ ಹೈ" ಎಂದ.

ಸಾಹೇಬರು ತೃಪ್ತಿಯಿಂದ ಆಚೆ ಹೋದರು. ವಿಲಿಯಾಮೆ ತಗ್ಗಿದ ದನಿಯಲ್ಲಿ, ಇಂಗ್ಲಿಷಿನಲ್ಲಿ, ನಿಜವಾಗಿ ಯಾವೂರು ಎಂದು ಕೇಳಿದ. ಮೈಸೂರು ಎಂದ ರಘೋತ್ತಮ, ತಲೆ ತಗ್ಗಿಸಿ. ಕೆಲಸದ ಪ್ರಶ್ನೆಯೋ ಎಂದು ವಿಲಿಯಾಮೆ ಕೇಳಿದ. ಹೌದೆಂದ. ತನ್ನ ಅಪ್ಪನೂ ಸಕ್ಕರೆ ಕಾರ್ಖಾನೆಯಲ್ಲಿ ಇಂಥದೇ ಭಯದಲ್ಲಿ ಇಪ್ಪತ್ತು ವರ್ಷ ಕಳೆದನೆಂದು ಹೇಳಿ ಆ ದೈತ್ಯ ಅವನ ಬೆನ್ನು ತಟ್ಟಿದ. ಕನ್ನಡಕ ಹಾರಿ ಹುಲ್ಲಿನ ಮೇಲೆ ಬಿತ್ತು. ಅದನ್ನು ತಾನೇ ಎತ್ತಿಕೊಟ್ಟು ಪಾಠ ಹೇಳಿದ: ಚೆಂಡಾಗಲಿ, ಚೆಂಡು ಹಿಡಿದವನ ಕಾಲಾಗಲಿ ಬಿಳಿ ಗೆರೆಗೆ ತಾಗಿದರೆ ಬಾವುಟ ಮೇಲೆತ್ತು. ಬೇರೇನೂ ಮಾಡಬೇಡ.

ಬೆಳಗಿನ ಆಟ ದೇವರ ದಯೆಯಿಂದ ಸಾಗಿತು. ಒಮ್ಮೆ ಚೆಂಡು ಹೊಟ್ಟೆಗೆ ಬಡಿದದ್ದು, ಒಮ್ಮೆ ಸಮೋವಾದ ಇಬ್ಬರು ಅವನನ್ನೂ ಸೇರಿಸಿ ಉರುಳಿಸಿದ್ದು ಬಿಟ್ಟರೆ ತೊಂದರೆಯಾಗಲಿಲ್ಲ. ಫಿಜಿಯವರು ಜಿಂಕೆಗಳ ಹಾಗೆ ಓಡಿ ಸಮೋವಾವನ್ನು ಸೋಲಿಸಿದರು. ಆಮೇಲೆ ಟೊಂಗಾ ಕೂಡ ಸಮೋವಾವನ್ನು ಸೋಲಿಸಿತು. ಊಟವಾದ ಮೇಲೆ ಫಿಜಿಗೂ ಟೊಂಗಾಕ್ಕೂ ಕೊನೆಯ ಆಟ. ಸಾಹೇಬರು ಫಿಜಿಯೇ ಗೆಲ್ಲುವುದೆಂದು ಎಲ್ಲರ ಮುಂದೆ ಸಾರಿ, ರಘೋತ್ತಮನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಅಷ್ಟರಲ್ಲಿ ಅನಸೂಯ, ಬಿಸಿಲಿಗೆ ಪುಳಿಯೋಗರೆ ಹಳಸೀತೆಂದು ವ್ಯಾಗನ್ನಿನ ಹಿಂಬಾಗಿಲು ತೆರೆದು ಪಾತ್ರೆಗಳ ಮುಚ್ಚಳ ಸರಿಸಿದಳು. ಹುಣಸೆ, ಇಂಗು, ಹುರಿದ ಎಳ್ಳಿನ ವಾಸನೆ ಗಾಳಿ ಹಿಡಿದು ಮೈದಾನದತ್ತ ಹೊರಟಿತು. ಎರಡು ನಿಮಿಷದಲ್ಲಿ ವಿಲಿಯಾಮೆ ಬಂದು ನಿಂತ. ಅವನ ಹಿಂದೆ ಒಬ್ಬೊಬ್ಬರಾಗಿ ಇಡೀ ಫಿಜಿ. ಹದಿನೈದು ದಿನದಿಂದ ತಣ್ಣನೆಯ ಸ್ಯಾಂಡ್‌ವಿಚ್ ತಿಂದು ನಾಲಗೆ ಸತ್ತುಹೋಗಿದೆಯೆಂದೂ, ತನ್ನ ಮನೆಯ ಪಕ್ಕದಲ್ಲಿದ್ದ ಮದರಾಸಿನ ಕಡೆಯ ಮುದುಕಿ ಚಿಕ್ಕಂದಿನಲ್ಲಿ ತನಗೆ ಇಂಥದೇ ಅನ್ನ ತಿನ್ನಿಸುತ್ತಿದ್ದಳೆಂದೂ ಅವನು ಹೇಳಿದ. ಹೇಳುವಾಗ ಕಣ್ಣು ಒದ್ದೆಯಾಗಿತ್ತು.

"ಇನ್ನೂ ನೈವೇದ್ಯ ಆಗಿಲ್ವಲ್ಲಾ" ಎಂದು ಅನಸೂಯ ಸಂಕಟಪಟ್ಟಳು.

ಪದ್ಮ ಆ ಹದಿನೈದು ಹೊಟ್ಟೆಗಳನ್ನು ಒಂದು ಸಲ ಅಳೆದು ನೋಡಿದಳು. "ಹಾಕ್ರೀ ಅನಸೂಯಾ. ಇವರಿಗೆ ಹಾಕಿದ್ರೂ ಒಂದೇ, ಗಣೇಶನಿಗೆ ಹಾಕಿದ್ರೂ ಒಂದೇ."

ಒಂದೊಂದು ಹಿಡಿ ರುಚಿಗೆ ಎಂದು ಶುರುವಾದದ್ದು ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಅರವತ್ತು ಜನರ ಪುಳಿಯೋಗರೆಯಲ್ಲಿ ಉಳಿದದ್ದು ಮೂರನೇ ಪಾತ್ರೆಯ ತಳದ ನಾಲ್ಕು ಕಡಲೇಕಾಯಿ. ಅದನ್ನೂ ಒಬ್ಬ ಆರಿಸಿ ತಿಂದ.

ಕೊನೆಯ ಆಟ ಶುರುವಾದ ಮೇಲೆ ರಘೋತ್ತಮನಿಗೆ ಅನಾಹುತ ಅರ್ಥವಾಯಿತು. ಬೆಳಿಗ್ಗೆ ಜಿಂಕೆಗಳಾಗಿದ್ದವರು ಈಗ ಮದುವೆ ಊಟ ಮುಗಿಸಿ ಚಾಪೆ ಹುಡುಕುವ ಬೀಗರ ಹಾಗೆ ಓಡಾಡುತ್ತಿದ್ದರು. ಒಬ್ಬ ಓಡುತ್ತಾ ಆಕಳಿಸಿದ. ಇನ್ನೊಬ್ಬ ಬಿದ್ದವನು ಎದ್ದೇಳುವ ಆತುರವನ್ನೇ ತೋರಿಸಲಿಲ್ಲ. ನನ್ನ ಫಿಜಿಗೆ ಏನಾಯಿತು ಎಂದು ಸಾಹೇಬರು ತಲೆಯ ಮೇಲೆ ಕೈಯಿಟ್ಟುಕೊಂಡು ಗೆರೆಯುದ್ದಕ್ಕೂ ಅಲೆದರು. ಬೇಲಿಯ ಆಚೆ ತಿರುಮಲೇಶರು ಖಾಲಿ ಪಾತ್ರೆಗಳನ್ನು ತಮ್ಮ ಕೋಟಿನಿಂದ ಮುಚ್ಚುತ್ತಿದ್ದರು.

ಆದರೂ ಕೊನೆಯ ನಿಮಿಷದ ಹೊತ್ತಿಗೆ ಟೊಂಗಾ ಹನ್ನೆರಡು, ಫಿಜಿ ಹತ್ತು. ಇನ್ನೊಂದು ಸಲ ಚೆಂಡನ್ನು ಆ ತುದಿಗೆ ಮುಟ್ಟಿಸಿದರೆ ಫಿಜಿಗೆ ನಾಲ್ಕು ಅಂಕ, ಗೆಲುವು. ಆಗ ವಿಲಿಯಾಮೆಗೆ ಚೆಂಡು ಸಿಕ್ಕಿತು. ಎಲ್ಲಿತ್ತೋ ಆ ಶಕ್ತಿ, ಅವನು ಚೆಂಡನ್ನು ಕಂಕುಳಲ್ಲಿ ಅವುಚಿ ಬಿಳಿ ಗೆರೆಯ ಪಕ್ಕದಲ್ಲೇ ಓಡಿಬಂದ. ಹಿಂದೆ ಟೊಂಗಾದ ಇಬ್ಬರು ಅವನ ಸೊಂಟಕ್ಕೆ ಜೋತುಬಿದ್ದಿದ್ದರು. ಮೂವರೂ ಸೇರಿ ಒಂದು ಗೂಡ್ಸ್ ಲಾರಿಯ ಹಾಗೆ ನೇರ ರಘೋತ್ತಮನ ಮೇಲೆ ಬರುತ್ತಿದ್ದರು. ಅವನು ಗೆರೆಯನ್ನು ನೋಡಲಿಲ್ಲ, ಕಾಲನ್ನು ನೋಡಲಿಲ್ಲ. ಕಣ್ಣು ಮುಚ್ಚಿ, ಮುಖ ಉಳಿಸಿಕೊಳ್ಳಲು ಎರಡೂ ಕೈಗಳನ್ನು ಮೇಲೆತ್ತಿದ. ಬಲಗೈಯಲ್ಲಿ ಬಾವುಟವಿತ್ತು.

ಸೀಟಿ ಕೂಗಿತು. ಕಣ್ಣು ಬಿಟ್ಟಾಗ ವಿಲಿಯಾಮೆ ಆ ತುದಿಯಲ್ಲಿ ಚೆಂಡಿನ ಮೇಲೆ ಬಿದ್ದಿದ್ದ. ರೆಫರಿ ಮಾತ್ರ ಬಾವುಟ ಎದ್ದ ಜಾಗವನ್ನು ತೋರಿಸುತ್ತಿದ್ದ. ಅಂಕ ಇಲ್ಲ. ಟೊಂಗಾ ಗೆದ್ದಿತ್ತು.

ವಿಲಿಯಾಮೆ ಎದ್ದು ನಿಧಾನವಾಗಿ ನಡೆದುಬಂದ. ರಘೋತ್ತಮ ಇಷ್ಟದೇವರನ್ನು ನೆನೆದ. ವಿಲಿಯಾಮೆ ತನ್ನ ಎಡಗಾಲು ಎತ್ತಿ ಎಲ್ಲರಿಗೂ ತೋರಿಸಿದ. ಬೂಟಿನ ಅಂಚಿಗೆ ಸುಣ್ಣ ಮೆತ್ತಿತ್ತು. ಕಾಲು ಗೆರೆ ತುಳಿದದ್ದು ನಿಜ, ಇವನು ಮಾಡಿದ್ದೇ ಸರಿ ಎಂದ.

ತಾನೇ ಫಿಜಿಯವನಾಗಿದ್ದೂ ಫಿಜಿಯ ವಿರುದ್ಧ ಬಾವುಟ ಎತ್ತಿದ ಮನುಷ್ಯನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಟೊಂಗಾದವರು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹಾಕಿದರು. ಅಲ್ಲಿ ಮೇಲೆ ಕೂತು ರಘೋತ್ತಮನಿಗೆ ಅಳು ಬರುವುದೊಂದು ಬಾಕಿ. ಸುಳ್ಳುಗಾರನೆಂದು ಬೈಸಿಕೊಳ್ಳಲು ಅವನು ತಯಾರಾಗಿದ್ದ. ಸತ್ಯವಂತನೆಂದು ಹೊಗಳಿಸಿಕೊಳ್ಳುವುದು ತಡೆಯಲಾಗಲಿಲ್ಲ.

ಕೆಳಗಿಳಿದವನೇ ನೇರ ಸಾಹೇಬರ ಹತ್ತಿರ ಹೋಗಿ ಎಲ್ಲವನ್ನೂ ಒಪ್ಪಿಕೊಂಡ. ಫಿಜಿಯಲ್ಲಿರುವುದು ಹೆಂಡತಿಯ ಅಣ್ಣ, ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು, ತಾನು ಮೈಸೂರಿನವನು, ರಗ್ಬಿ ನೋಡಿದ್ದು ಇವತ್ತೇ ಮೊದಲು, ಮಧ್ಯಾಹ್ನದ ಪುಳಿಯೋಗರೆಯೂ ನಮ್ಮದೇ, ಬಾವುಟ ಎತ್ತಿದ್ದು ಹೆದರಿಕೆಗೆ. ಕೆಲಸದ ಆಸೆಗೆ ಸುಮ್ಮನಿದ್ದೆ, ತಪ್ಪಾಯಿತು ಎಂದ.

ಸಾಹೇಬರು ಅವನನ್ನು ಮರದ ಗ್ಯಾಲರಿಯ ಹಿಂದಕ್ಕೆ ಕರೆದುಕೊಂಡು ಹೋದರು. ಅವರಿಗೆ ಕೋಪ ಬಂದಿರಲಿಲ್ಲ.

"ನೀನು ಮೈಸೂರಿನವನು ಅಂತ ಗೊತ್ತು. ನಿನ್ನ ಫೈಲು ನನ್ನ ಹತ್ತಿರಾನೇ ಇದೆಯಲ್ಲ" ಎಂದರು. "ಫಿಜಿಯಲ್ಲಿ ಹೆಂಡತಿಯ ಅಣ್ಣ ಇರೋದು ನಿಜ ತಾನೇ? ಅದೂ ಸುಳ್ಳಲ್ಲವಲ್ಲ?"

ಅದು ನಿಜವೆಂದ ರಘೋತ್ತಮ. ಸಾಹೇಬರು ನೆಮ್ಮದಿಯ ಉಸಿರು ಬಿಟ್ಟರು. ಟೋಪಿ ತೆಗೆದು ಕೈಯಲ್ಲಿ ತಿರುಗಿಸತೊಡಗಿದರು. ಕೆಲಸಗಾರರ ಮುಂದೆ ಅವರು ಹಾಗೆ ನಿಂತದ್ದನ್ನು ಅವನು ಎಂದೂ ಕಂಡಿರಲಿಲ್ಲ.

"ಬುಧವಾರ ನನ್ನನ್ನ ಮೇಲೆ ಕರೆಸಿದ್ದರು. ಕೆಲಸದಿಂದ ತೆಗೆಯೋರ ಪಟ್ಟಿ ತೋರಿಸಿ, ಹತ್ತೊಂಬತ್ತು ವರ್ಷ ಆಯ್ತು, ಇನ್ನು ಸಾಕು ಅಂದರು. ಗುರುವಾರ ನಿನ್ನ ಮೇಜಿನ ಮೇಲೆ ಆ ಕಾಗದ ನೋಡಿದೆ. ನನಗೂ ಗಣಿತ ಬರುತ್ತೆ, ರಗ್ಬಿ ಹೇಳಿಕೊಡೋಕೂ ಬರುತ್ತೆ. ಹೇಗೆ ಕೇಳೋದು ಅಂತ ತಿಳೀದೆ ಮೊದಲು ನಿನ್ನ ಸ್ನೇಹ ಬೆಳೆಸೋಣ ಅಂತ ನಿನ್ನನ್ನ ಫಿಜಿಯವನು ಮಾಡಿ ಬಾವುಟ ಕೊಟ್ಟೆ. ನಿನ್ನ ಭಾವನಿಗೆ ಹೇಳಿ ಅಲ್ಲಿ ನನಗೊಂದು ಕೆಲಸ ಕೊಡಿಸ್ತೀಯಾ?"

ಎರಡು ದಿನದಿಂದ ಯಾರ ದಯೆಗಾಗಿ ತಾನು ಫಿಜಿಯವನಾಗಿದ್ದನೋ ಅವರೇ ಟೋಪಿ ಹಿಡಿದು ನಿಂತಿದ್ದರು. ರಘೋತ್ತಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಖಂಡಿತ ಬರೆಯುತ್ತೇನೆ ಎಂದ. ಆಮೇಲೆ ತಡೆಯಲಾರದೆ, ಆ ಪಟ್ಟಿಯಲ್ಲಿ ತನ್ನ ಹೆಸರೂ ಇತ್ತೇ ಎಂದು ಕೇಳಿದ.

ಸಾಹೇಬರು ತುಂಬಾ ನೊಂದವರಂತೆ ಅವನ ಭುಜದ ಮೇಲೆ ಕೈಯಿಟ್ಟರು. ಹೆಸರುಗಳನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಟೈಪು ಮಾಡಿದ್ದರು. ಪಿ ಅಕ್ಷರದ ಪ್ರಿಚರ್ಡ್ ಮೊದಲ ಪುಟದ ಕೊನೆಯ ಸಾಲು. ಆರ್ ಅಕ್ಷರ ಶುರುವಾಗುವ ಎರಡನೇ ಪುಟವನ್ನು ಅವರಿಗೆ ತೋರಿಸಿರಲಿಲ್ಲ.

ವ್ಯಾಗನ್ನು ಚರ್ಚಿನ ಕಡೆ ಹೊರಟಿತು. ಹಿಂದೆ ಮೂರು ಖಾಲಿ ಪಾತ್ರೆಗಳು ತಿರುವಿನಲ್ಲೆಲ್ಲ ಗಣಗಣ ಎನ್ನುತ್ತಿದ್ದವು. ದಾರಿಯಲ್ಲಿ ಅಂಗಡಿಗೆ ನುಗ್ಗಿ ಸಿಕ್ಕಷ್ಟು ಗೋಧಿ ರವೆ ಕೊಂಡು ಅರವತ್ತು ಜನಕ್ಕೆ ಉಪ್ಪಿಟ್ಟು ಮಾಡಿಬಿಡುವುದೆಂದು ಪದ್ಮ ಹೇಳಿದಳು. ತಿರುಮಲೇಶರು ತಮ್ಮ ಕೋಟಿಗೆ ಅಂಟಿದ ಗೊಜ್ಜನ್ನು ಒರೆಸುತ್ತಿದ್ದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡ ಅನಸೂಯ ಗಂಡನ ಕಡೆ ತಿರುಗಿದಳು.

"ಅಣ್ಣನಿಗೆ ಇವತ್ತೇ ಬರೀರಿ" ಎಂದಳು. "ನಿಮ್ಮ ಹೆಸರೂ ಸೇರಿಸಿ ಬರೀರಿ. ಆದ್ರೆ ಅಲ್ಲಿ ಇರೋದು ಒಂದೇ ಕೆಲಸ ಆದ್ರೆ?"

ರಘೋತ್ತಮ ರಸ್ತೆಯ ಮೇಲಿನ ಕಣ್ಣು ಕೀಳದೆ, "ಅಕ್ಷರಕ್ರಮದಲ್ಲಿ ಅವರ ಹೆಸರೇ ಮೊದಲು ಬರೋದು" ಎಂದ.