ಬೆರೆಯಲು ಆರು ಬೆಂಚು

ಎಲ್ಲ ಶುರುವಾದದ್ದು ಒಂದು ಫಲಕದಿಂದ. ‘ಪ್ರವಾಸಿಗರು ಊರವರೊಡನೆ ಬೆರೆಯುವ ಜಾಗ’ ಎಂದು ಅದರಲ್ಲಿ ಬರೆದಿತ್ತು. ಅದನ್ನು ನೆಡಲು ಜಾಗ ಬೇಕೆಂದು ಉದ್ಯಾನದ ವಿನ್ಯಾಸಕಾರ, ಊರವರು ಮೂರು ತಲೆಮಾರಿನಿಂದ ಕೂತು ಹರಟುತ್ತಿದ್ದ ಕಲ್ಲುಕಟ್ಟೆಯನ್ನೇ ಒಡೆಸಿದ. ದೇವರು ಕೊಟ್ಟ ನೆರಳಿನ ಮರ ನಕ್ಷೆಯಲ್ಲಿರಲಿಲ್ಲ, ಅದೂ ಉರುಳಿತು. ಬದಲಿಗೆ ಥಳಥಳಿಸುವ ಆರು ಉಕ್ಕಿನ ಬೆಂಚು ಬಂದವು. ನಡುಮಧ್ಯಾಹ್ನ ಅವುಗಳ ಮೇಲೆ ಕೂತವರು ಕಾದ ಹೆಂಚಿಗೆ ಬಿದ್ದ ನೀರಹನಿಯಂತೆ ಚಟ್ಟನೆ ಹಾರುತ್ತಿದ್ದರು.

ಪೇಚಿಗೆ ಸಿಕ್ಕಿದವನು ಮಾಲಿ. ಹನ್ನೊಂದು ವರ್ಷದಿಂದ ಹಂಗಾಮಿ.

“ನಾಲ್ಕಕ್ಕೆ ಸಾಹೇಬರು ಬರ್ತಾರೆ. ಎರಡೂ ಥರದ ಜನ ಬೆರೆತು ಕೂತಿರಬೇಕು. ಕೂತಿದ್ರೆ ನೀನು ಖಾಯಂ. ಇಲ್ಲಾಂದ್ರೆ ನಾಳೆಯಿಂದ ಬರಬೇಡ,” ಎಂದ ವಿನ್ಯಾಸಕಾರ.

ಮಾಲಿ ಮನೆಮನೆ ಅಲೆದ.

“ಕಟ್ಟೆ ಒಡೆದವರ ಬೆಂಚಿಗೆ ನಾವ್ಯಾಕಪ್ಪ ಬರ್ಬೇಕು?” ಎಂದಳು ಪಕ್ಕದ ಮನೆಯ ಅಜ್ಜಿ.

ಗೇಟು ಕಾಯುವ ಭಾವಮೈದ ಉಪಾಯ ಹೇಳಿದ. “ಭಾವ, ಪ್ರವಾಸಿಗರಿಗೆ ನಮ್ಮಲ್ಲಿ ಟೋಪಿ, ತಣ್ಣನೆ ಶರಬತ್ತು ಪುಕ್ಕಟೆ. ಅದನ್ನ ಹೇಳಿ ನೋಡಿ.”

ಹೇಳಿದ್ದೇ ತಡ, ಬೀದಿಗೆ ಬೀದಿಯೇ ಪ್ರವಾಸಿಗರಾಗಿ ಎದ್ದು ಬಂತು. “ಅರ್ಧ ಜನ ಊರವರಾಗಿ ಕೂತ್ಕೊಳ್ರಪ್ಪಾ,” ಎಂದು ಮಾಲಿ ಗೋಗರೆದ. ಯಾರೂ ಒಪ್ಪಲಿಲ್ಲ. ಕ್ಷೌರಿಕ ಕಪ್ಪು ಕನ್ನಡಕ ಏರಿಸಿದ. ಅಜ್ಜಿ ಟೋಪಿಯನ್ನು ಕಿವಿ ಮುಚ್ಚುವಷ್ಟು ಎಳೆದುಕೊಂಡಳು. ನಲವತ್ತು ವರ್ಷದಿಂದ ಒಂದೇ ಗೋಡೆ ಹಂಚಿಕೊಂಡ ನೆರೆಯವರಿಬ್ಬರು ಬೆಂಚಿನ ತುದಿಯಲ್ಲಿ ಕೂತು, “ತಮ್ಮದು ಯಾವೂರಾಯ್ತು?” ಎಂದು ವಿಚಾರಿಸಿಕೊಂಡರು.

ಸಾಹೇಬರು ಬಂದರು. “ಪ್ರವಾಸಿಗರೇನೋ ಧಾರಾಳ. ಊರವರು ಎಲ್ರೀ?”

ವಿನ್ಯಾಸಕಾರ ಫಲಕ ಒರೆಸತೊಡಗಿದ. ಅಜ್ಜಿ ಶರಬತ್ತು ಹೀರುತ್ತಾ ಮಾಲಿಯತ್ತ ಬೆರಳು ಮಾಡಿದಳು. “ಅಲ್ನೋಡಿ ಸ್ವಾಮಿ, ಮೈಯೆಲ್ಲ ಮಣ್ಣು ಮೆತ್ಕೊಂಡು ನಿಂತಿದಾನಲ್ಲ. ಅದೊಂದೇ ಉಳಿದಿರೋದು.”

ಸಾಹೇಬರು ಮಾಲಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. “ಎಂಥ ಅಪರೂಪ! ಇದನ್ನ ಕಳ್ಕೊಳ್ಬಾರದು. ಇವತ್ತೇ ಖಾಯಂ ಮಾಡಿ.”

ಮಾಲಿ ಆಕಾಶಕ್ಕೆ ಕೈಮುಗಿದ.

ಸಂಜೆಯೊಳಗೆ ಆದೇಶ ಬಂತು. ‘ಉದ್ಯಾನದ ಖಾಯಂ ಸಾಮಾನುಗಳು: ಬೆಂಚು ಆರು, ದೀಪದ ಕಂಬ ನಾಲ್ಕು, ಸ್ಥಳೀಯ ನಿವಾಸಿ ಒಂದು.’

ಮಾಲಿಯನ್ನು ಊಟಕ್ಕೆ ಕರೆಯಲು ಬಂದ ಹೆಂಡತಿಗೆ ಗೇಟಿನಲ್ಲಿ ತಮ್ಮನೇ ಕೋಲು ಅಡ್ಡ ಹಿಡಿದ. “ಪಟ್ಟಿಗೆ ಸೇರಿದ ಸಾಮಾನು ಹೊರಗೆ ಬಿಡೋ ಹಾಗಿಲ್ಲ, ಅಕ್ಕ.”

“ಸಾಮಾನೇನೋ! ನನ್ನ ಗಂಡ ಕಣೋ ಅವರು! ನಾನೂ ಇದೇ ಊರಿನವಳೇ ಅಲ್ವೇನೋ?”

ತಮ್ಮ ಗಾಬರಿಯಿಂದ ಅತ್ತಿತ್ತ ನೋಡಿದ.

“ಮೆಲ್ಲಗೆ ಅಕ್ಕ, ಮೆಲ್ಲಗೆ! ಸಾಹೇಬರು ಇನ್ನೂ ಒಳಗೇ ಇದಾರೆ. ಕೇಳಿಸ್ಕೊಂಡ್ರೆ ಒಂದನ್ನ ಅಳಿಸಿ ಎರಡು ಅಂತ ಬರೀತಾರೆ.”