ಮೈದುನನ ಚೀಲದಲ್ಲಿದ್ದ ಶಾಲು

ಮರೆತರು, ಅಷ್ಟೇ. ಹೊತ್ತು ಮೀರಿತು, ಶಾಲು ಕಡಿಮೆ ಬಿತ್ತು, ಮೈಕು ಹಿಡಿದ ಹುಡುಗಿ ಹೊಸಬಳು ಎಂದು ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದೊಂದೂ ಅಲ್ಲ. ಸನ್ಮಾನಕ್ಕೆಂದು ಕರೆಸಿ, ನನ್ನ ಮೈದುನನನ್ನು ವೇದಿಕೆಗೆ ಕರೆಯಲು ಮರೆತರು. ಕಂಡಕಂಡವರಿಗೆಲ್ಲ ಶಾಲು ಹೊದಿಸಿದ ಮನುಷ್ಯನನ್ನೇ ಮರೆತರು!

ಕಂಡಕಂಡವರಿಗೆ ಎಂದದ್ದು ಉತ್ಪ್ರೇಕ್ಷೆಯಲ್ಲ. ಕಲ್ಯಾಣದ ಆಚೆಯ ಒಂದು ವಿಶ್ವವಿದ್ಯಾಲಯದಲ್ಲಿ ಅವನು ಕೆಮಿಸ್ಟ್ರಿ ಮೇಷ್ಟ್ರು. ಮದುವೆಯಾಗಲಿಲ್ಲ. ಯಾಕೋ ಎಂದರೆ, "ಪರೀಕ್ಷೆ ಹತ್ತಿರ ಬಂತು ಅತ್ತಿಗೆ" ಎನ್ನುತ್ತಿದ್ದ. ಪರೀಕ್ಷೆ ವರ್ಷವರ್ಷವೂ ಬರುತ್ತದಲ್ಲ! ಹಾಗೇ ರಿಟೈರೂ ಆದ, ಐರೋಲಿಯ ನಮ್ಮ ಫ್ಲಾಟಿನಲ್ಲೇ ಉಳಿದ. ಬಾಗಿಲ ಪಕ್ಕದ ಮೊಳೆಯಲ್ಲಿ ಅವನ ಬಟ್ಟೆಚೀಲ. ಅದರೊಳಗೆ ಯಾವಾಗಲೂ ಮಡಚಿದ ಒಂದು ಶಾಲು, ಒಂದು ಮೋಸಂಬಿ. ಹಳೆಯ ವಿದ್ಯಾರ್ಥಿ ಎದುರಾಗಿ, ಏನಾದರೂ ಸಾಧಿಸಿದ್ದೇನೆ ಎಂದನೋ, ತಪ್ಪಿಸಿಕೊಳ್ಳುವಂತಿಲ್ಲ. ನಿಂತಲ್ಲೇ ಸನ್ಮಾನ!

ಶಾಲು ಎಲ್ಲಿಂದ ಎನ್ನುತ್ತೀರಾ? ನನ್ನ ಮಗನದು ತುರ್ಭೆಯಲ್ಲಿ ಹೋಟೆಲು. ಯಾವ ಸಂಘದವರು ಬಂದರೂ ಊಟೋಪಚಾರ ಅವನದೇ, ಅವರು ತಿರುಗಿ ಹೊದಿಸುವುದು ಶಾಲು. ನಮ್ಮಲ್ಲಿ ಅದಕ್ಕೆ ಇಬ್ಬರು ವಾರಸುದಾರರು: ನನ್ನ ಮೈದುನ ಮತ್ತು ನನ್ನ ದೋಸೆಹಿಟ್ಟು. ಚಳಿಗಾಲದಲ್ಲಿ ಹಿಟ್ಟು ಹುಳಿ ಬರುವುದಿಲ್ಲ, ಪಾತ್ರೆಗೆ ಶಾಲು ಸುತ್ತಿ ಇಡಬೇಕು. "ಶಾಲನ್ನು ಹಿಟ್ಟಿಗೆ ಸುತ್ತುವುದಾ ಅತ್ತಿಗೆ!" ಎಂದು ಅವನಿಗೆ ಸಂಕಟ. "ಹಿಟ್ಟಾದರೂ ಉಬ್ಬಿ ಮೇಲೆ ಬರುತ್ತದೆ ಮಾರಾಯ. ನಿನ್ನ ಶಿಷ್ಯರು?" ಎಂದು ನಾನು.

ಒಮ್ಮೆ ಠಾಣೆಯಿಂದ ವಾಶಿ ಟ್ರೇನಿನಲ್ಲಿ ಬರುತ್ತಿದ್ದೆವು. ಉಸಿರಾಡಲೂ ಜಾಗವಿಲ್ಲ. ಅಷ್ಟರಲ್ಲಿ ಬಾಗಿಲ ಬಳಿ ಒಬ್ಬ ತರುಣ ಸಿಕ್ಕಿದ, ಔಷಧಿ ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ಆದೆ ಸರ್ ಎಂದ. ಮುಗಿಯಿತು! ಇವನು ಜನರ ತಲೆಯ ಮೇಲಿಂದಲೇ ಶಾಲು ಹಾರಿಸಿ ಅವನ ಹೆಗಲಿಗೆ ಹಾಕಿದ, ಕೈಗೆ ಮೋಸಂಬಿ ತುರುಕಿದ, ಭಾಷಣ ಶುರುಮಾಡಿದ.

"ಕಾಕಾ, ಹೇ ಕೋಣ್? ನಗರಸೇವಕ್ ಕಾ?" ಎಂದು ಪಕ್ಕದವನು ಕೇಳಿದ, ಹುಡುಗ ಕಾರ್ಪೊರೇಟರೋ ಏನೋ ಎಂದುಕೊಂಡು.

"ನಾಹೀ, ಮಾಝಾ ವಿದ್ಯಾರ್ಥೀ!" ಎಂದ ಇವನು, ಇಡೀ ರೈಲುಡಬ್ಬಿಗೆ ಕೇಳುವಂತೆ.

ಡಬ್ಬಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವಷ್ಟರಲ್ಲಿ ಐರೋಲಿ ಹಿಂದೆ ಬಿದ್ದಿತ್ತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ಬಂದೆವು.

ಇನ್ನೊಮ್ಮೆ ನನ್ನ ರಕ್ತಪರೀಕ್ಷೆಗೆಂದು ಡೊಂಬಿವಲಿಗೆ ಕರೆದುಕೊಂಡು ಹೋದ. ಐರೋಲಿಯಲ್ಲಿ ಲ್ಯಾಬ್ ಇಲ್ಲವೇ? ಇದೆ. ಆದರೆ ಡೊಂಬಿವಲಿಯದು ಅವನ ಶಿಷ್ಯೆ ಸ್ವಂತಕ್ಕೆ ತೆರೆದದ್ದು! ನಾನು ಖಾಲಿಹೊಟ್ಟೆಯಲ್ಲಿ ರವಿಕೆಯ ತೋಳು ಮಡಚಿ ಕುಳಿತೆ. ಹುಡುಗಿ ಸೂಜಿ ಹಿಡಿದಳು. "ತಡಿ ಮಗಾ" ಎಂದು ಇವನು ಚೀಲಕ್ಕೆ ಕೈ ಹಾಕಿದ. ಆ ಹುಡುಗಿ ಮೂರನೆಯ ಸಲಕ್ಕೆ ಪಾಸಾದವಳಂತೆ. ಮೊದಲ ಸಲ ಯಾಕೆ ಹೋಯಿತು, ಎರಡನೆಯ ಸಲ ಯಾಕೆ ಹೋಯಿತು ಎಂದು ಕಾದು ಕುಳಿತವರಿಗೆಲ್ಲ ವಿವರಿಸಿದ. ಅವಳು ಅತ್ತಳು. ನನಗೆ ಹಸಿವು. ಹಿಡಿದುಕೊಳ್ಳಿ ಎಂದು ಮೋಸಂಬಿಯನ್ನು ನನ್ನ ಕೈಗೇ ಕೊಟ್ಟಿದ್ದ ಬೇರೆ!

"ಮೂರು ಸಲ ಕಟ್ಟಿದವಳಿಗೂ ಶಾಲು, ಫಸ್ಟ್ ಬಂದವಳಿಗೂ ಶಾಲು. ಎಂಥ ಲೆಕ್ಕ ನಿನ್ನದು?" ಎಂದು ದಾರಿಯಲ್ಲಿ ಬೈದೆ.

"ಫಸ್ಟ್ ಬಂದವಳಿಗೆ ಹೊದಿಸುವವರು ಬೇಕಾದಷ್ಟು ಜನ ಇದ್ದಾರೆ ಅತ್ತಿಗೆ" ಎಂದ.

ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ಮೇಷ್ಟ್ರ ಹತ್ತಿರ ಎಷ್ಟೆಂದು ವಾದ ಮಾಡುವುದು?

ಆಮೇಲೆ ಆ ಸಮಾರಂಭ ಬಂತು. ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಗಳು, ಅಧ್ಯಾಪಕರು, ಈಗ ಓದುತ್ತಿರುವವರು, ಇವರಲ್ಲಿ ಸಾಧನೆ ಮಾಡಿದವರಿಗೆಲ್ಲ ಸನ್ಮಾನ. ಸಂಘಟಕರಿಂದ ತಿಂಗಳುಗಟ್ಟಲೆ ಇವನಿಗೇ ಫೋನು. ಆ ಬ್ಯಾಚಿನವನು ಈಗ ಎಲ್ಲಿ ಸರ್, ಈ ಹುಡುಗಿಗೆ ಡಾಕ್ಟರೇಟ್ ಆಯಿತಾ ಸರ್? ಇವನು ಅನ್ನದ ಬಟ್ಟಲು ಬಿಟ್ಟು ಎದ್ದು ಹೇಳುತ್ತಿದ್ದ. ಕೊನೆಗೊಂದು ದಿನ ಅವರೇ ಹೇಳಿದರು, "ಸರ್, ಅಧ್ಯಾಪಕರ ಸಾಲಿನಲ್ಲಿ ನಿಮಗೂ ಸನ್ಮಾನ ಇದೆ, ಬರಲೇಬೇಕು."

ಫೋನಿಟ್ಟವನು ನೇರ ಒಳಗೆ ಹೋಗಿ ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕಿದ. ಸಮಾರಂಭಕ್ಕೆ ಇನ್ನೂ ವಾರವಿತ್ತು! ದಿನವೂ ಕನ್ನಡಿಯ ಮುಂದೆ ನಿಂತು, ಶಾಲು ಹೊದಿಸಿಕೊಳ್ಳಲು ಎಷ್ಟು ಬಗ್ಗಬೇಕು ಎಂದು ನೋಡುತ್ತಿದ್ದ. ಇಷ್ಟು ಜನಕ್ಕೆ ಹೊದಿಸಿದವನಿಗೆ ಹೊದಿಸಿಕೊಂಡು ಗೊತ್ತಿರಲಿಲ್ಲ.

ನಾನೂ ಮೊಮ್ಮಗಳೂ ಜೊತೆಗೆ ಹೋದೆವು. ಮುಂದಿನ ಸಾಲಿನಲ್ಲೇ ಕುರ್ಚಿ. ವೇದಿಕೆಗೆ ಒಬ್ಬೊಬ್ಬರನ್ನು ಕರೆದಾಗಲೂ, ಮೈಕಿನವಳಿಗಿಂತ ಮೊದಲೇ ಇವನು ನನ್ನ ಕಿವಿಯಲ್ಲಿ ಅವರ ಸಾಧನೆ ಹೇಳಿ ಮುಗಿಸುತ್ತಿದ್ದ. ವಿದ್ಯಾರ್ಥಿಗಳು ಮುಗಿದರು. ಅಧ್ಯಾಪಕರ ಸರದಿ ಬಂತು. ಇವನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಯಾವುದೋ ದೊಡ್ಡ ಕಂಪನಿಯಲ್ಲಿ ವಿಜ್ಞಾನಿಯಾದ ಹಳೆ ವಿದ್ಯಾರ್ಥಿ, ತಡವಾಗಿ ಬಂದವನು. ವೇದಿಕೆಯ ಮೇಲೆ ಗಡಿಬಿಡಿ. ಒಬ್ಬ ಕಾರ್ಯಕರ್ತ ಓಡಿಬಂದು ಇವನ ಮುಂದೆ ಬಗ್ಗಿದ.

"ಸರ್, ಏಕ್ ಶಾಲ್ ಕಮ್ ಪಡ್ ಗಯಾ. ಆಪ್ ಕೆ ಬ್ಯಾಗ್ ಮೇ ತೋ ಹೋತಾ ಹೈ ನಾ?"

ಒಂದು ಶಾಲು ಕಡಿಮೆಯಂತೆ! ಚೀಲದ ಖ್ಯಾತಿ ಅಲ್ಲಿಗೂ ಹೋಗಿತ್ತು ನೋಡಿ! ಇವನು ಶಾಲು ತೆಗೆದುಕೊಟ್ಟ. ಕಾರ್ಯಕರ್ತ ಕೇಳದಿದ್ದರೂ ಮೋಸಂಬಿಯನ್ನೂ ಕೊಟ್ಟ. ಶಾಲು ವೇದಿಕೆ ಹತ್ತಿತು, ವಿಜ್ಞಾನಿಯ ಹೆಗಲೇರಿತು, ಫೋಟೋ ಆಯಿತು. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಇವನೇ. ಆ ಗಡಿಬಿಡಿಯಲ್ಲಿ ಅಧ್ಯಾಪಕರ ಸಾಲು ಅಲ್ಲಿಗೇ ನಿಂತಿತು. ವಂದನಾರ್ಪಣೆ, ರಾಷ್ಟ್ರಗೀತೆ. ಎಲ್ಲರ ಜೊತೆ ಇವನೂ ನೆಟ್ಟಗೆ ನಿಂತ, ಅಂಗಿಯ ಗುಂಡಿ ಹಾಕಿಕೊಂಡೇ.

ವಾಪಸು ಬರುವಾಗ ಟ್ರೇನಿನಲ್ಲಿ ಕೇಳಿದ, "ಆ ಬಣ್ಣ ಹುಡುಗನಿಗೆ ಒಪ್ಪಿತು ಅಲ್ವಾ ಅತ್ತಿಗೆ?"

"ನಿನ್ನನ್ನು ಮರೆತರು."

"ಮರೆತದ್ದಲ್ಲ ಅತ್ತಿಗೆ, ಹೊತ್ತಾಯಿತು ಅವರಿಗೆ."

"ಮರೆತರು" ಎಂದೆ.

ಮನೆಗೆ ಬಂದವನು ಚೀಲವನ್ನು ಮೊಳೆಗೆ ಹಾಕಲಿಲ್ಲ. ಮಡಚಿ ಕಪಾಟಿನ ಮೇಲೆ, ಹಳೆ ಸೂಟ್‌ಕೇಸಿನ ಹಿಂದೆ ತಳ್ಳಿದ. ಊಟ ಮಾಡಿದ, ಮಲಗಿದ.

ಮೊಮ್ಮಗಳು ಅಡುಗೆಮನೆಗೆ ಬಂದು ಪಿಸುಗುಟ್ಟಿದಳು, "ಅಜ್ಜಿ, ಅಪನ್ ಘರ್ ಪೇ ಕರೇಂಗೇ ನಾ ಸನ್ಮಾನ್? ಮೈ ಫೋಟೋ ಲೂಂಗೀ."

"ಬೇಡ" ಎಂದೆ. "ಮನೆಯವರು ಹೊದಿಸಿದ್ದು ಸನ್ಮಾನ ಅಲ್ಲ ಮಗಾ, ಹೊದಿಕೆ. ಅವನಿಗೇನು ಚಳಿಯಾ?"

ಅವಳು ಮುಖ ಊದಿಸಿಕೊಂಡು ಹೋದಳು. ನಾನು ಹಿಟ್ಟಿನ ಪಾತ್ರೆಗೆ ಶಾಲು ಸುತ್ತಿ ದೀಪ ಆರಿಸಿದೆ.

ಬೆಳಿಗ್ಗೆ ಎದ್ದು ಮೊದಲು ಹಿಟ್ಟು ನೋಡಿದೆ, ಚೆನ್ನಾಗಿ ಉಬ್ಬಿತ್ತು. ಶಾಲು ಬಿಚ್ಚಿದೆ. ಅಂಚಿನಲ್ಲಿ ಒಣಗಿದ್ದ ಹಿಟ್ಟನ್ನು ಉಗುರಿನಿಂದ ಕೆರೆದೆ, ಬಾಲ್ಕನಿಯಲ್ಲಿ ಕೊಡವಿದೆ, ಮಡಚಿದೆ. ಸ್ಟೂಲು ಹತ್ತಿ ಕಪಾಟಿನ ಮೇಲಿಂದ ಚೀಲ ಇಳಿಸಿ, ಶಾಲು ಒಳಗಿಟ್ಟು, ಮೇಲೊಂದು ಮೋಸಂಬಿ ಹಾಕಿ, ಮೊಳೆಗೆ ತೂಗುಹಾಕಿದೆ. ದೋಸೆಗೆ ಕಾವಲಿ ಇಟ್ಟೆ.

ಅವನು ಎದ್ದು ಬಂದು ಚೀಲದ ಮುಂದೆ ನಿಂತ. ಅದರ ಬಾಯಿ ಬಿಡಿಸಿ ಮೂಸಿದ.

"ಅತ್ತಿಗೆ, ಇದು ಹುಳಿ ಹುಳಿ ನಾತ."

"ಕೆಮಿಸ್ಟ್ರಿ ಕಲಿತವರಿಗೆ ಇದಕ್ಕಿಂತ ಕೆಟ್ಟ ನಾತ ಅಭ್ಯಾಸ ಉಂಟು. ದೋಸೆ ತಿಂದು ಹೊರಡು, ಯಾರಾದರೂ ಪಾಸಾಗಿರುತ್ತಾರೆ."

ದೋಸೆ ತಿಂದ. ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಚಪ್ಪಲಿಯ ಸದ್ದು ಗೇಟಿನವರೆಗೂ ಕೇಳಿಸಿತು.

ನಾನು ಮರುದಿನಕ್ಕೆ ಅಕ್ಕಿ ನೆನೆಹಾಕಿದೆ. ಆಮೇಲೆ ಹಿಟ್ಟಿನ ಪಾತ್ರೆಗೆ ಸುತ್ತಲು ನನ್ನದೊಂದು ಹಳೆ ಸೀರೆ ಹುಡುಕಿ ತೆಗೆದಿಟ್ಟೆ.