ಅಭಿನಂದನ ಗ್ರಂಥಕ್ಕೆ ಕೊನೆಯ ಸಹಿ

“ನಾನು ಬರೀದೇ ಇರೋದಕ್ಕೆ ನಾನ್ಯಾಕ್ರೀ ಸಹಿ ಹಾಕ್ಲಿ?”

ನಿರ್ಮಲಮ್ಮ ಹಾಳೆಗಳನ್ನು ಆಚೆ ತಳ್ಳಿದರು. ಪತಿ ವಿದ್ವಾನ್ ಉಚ್ಚಂಗಪ್ಪನವರು ಈಚೆ ತಳ್ಳಿದರು. ಸೊರಬದ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಸಂಸ್ಕೃತ ಬೋಧಿಸಿ ನಿವೃತ್ತರಾದ ಅವರಿಗೆ ಭಾನುವಾರ ಶಿಕಾರಿಪುರದಲ್ಲಿ ಸನ್ಮಾನ, ಅಭಿನಂದನ ಗ್ರಂಥದ ಬಿಡುಗಡೆ. ಶಿಷ್ಯರ ಇಪ್ಪತ್ತೆರಡು ಲೇಖನ ಸಿದ್ಧವಿದ್ದವು. ‘ಗುರುಪತ್ನಿ ಕಂಡಂತೆ’ ಮಾತ್ರ ಬಾಕಿ. ಅದನ್ನು ಒಯ್ಯಲು ಪ್ರೆಸ್ಸಿನ ಆಸಿಮ್ ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದ.

“ಹಾಕೇ ಮಾರಾಯ್ತಿ. ಉಳಿದವ್ರೇನು ತಾವೇ ಬರೆದ್ರಾ?”

“ಮತ್ಯಾರು ಬರೆದ್ರು?”

“ನಾನೇ. ‘ನಿಮಗೆ ತಿಳಿದಂಗೆ ಬರ್ಕೊಂಡು ನಮ್ಮ ಹೆಸ್ರು ಹಾಕಿ ಸಾರ್’ ಅಂದ್ರು. ಗುರುವಿನ ಮೇಲೆ ಅಷ್ಟು ವಿಶ್ವಾಸ!”

ನಿರ್ಮಲಮ್ಮ ಕನ್ನಡಕ ಏರಿಸಿದರು.

“‘ನನ್ನ ಪತಿದೇವರು ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು…’ ಯಾವತ್ರೀ ಎದ್ರಿ? ಹಾಲಿನ ಗಾಡಿ ಬಂದು ಹಾರ್ನ್ ಬಾರಿಸಿದ್ರೂ ಹೊರಳಲ್ಲ ನೀವು.”

“ಅದು ಕಾವ್ಯದ ಮರ್ಯಾದೆ ಕಣೆ.”

“‘ಕಾವ್ಯಗಳಲ್ಲಿ ಕಾಗೆ ಎಂಬ ಮಹಾಪ್ರಬಂಧವನ್ನು ಹನ್ನೊಂದು ವರ್ಷ ರಚಿಸುವಾಗ ನಾನು ಮೈಮರೆತು ಆಲಿಸಿದೆ.’ ಹಪ್ಪಳದ ಮೇಲೆ ಕೂತ ಕಾಗೆ ಓಡಿಸ್ರಿ ಅಂದ್ರೆ ಹನ್ನೊಂದು ವರ್ಷದಾಗೆ ಒಂದಿನ ಎದ್ದು ಬರ್ಲಿಲ್ಲ!”

“ನನ್ನದು ಶಾಸ್ತ್ರದ ಕಾಗೆ.”

“ಹಪ್ಪಳ ತಿಂದಿದ್ದು ಹಿತ್ತಲದ ಕಾಗೆ. ಆರು ಪುಟ ಆಯ್ತು, ನನ್ನ ಹೆಸ್ರೇ ಇಲ್ವಲ್ಲ?”

“ಕೊನೇಲಿ ಸಹಿ ಇರುತ್ತಲ್ಲ!”

ಆಸಿಮ್ ಕೆಮ್ಮಿದ. “ಸಾರ್, ಒಬ್ರು ಮಾತ್ರ ಕೈಯಾರೆ ಬರ್ದು ಪ್ರೆಸ್ಸಿಗೇ ತಂದ್ಕೊಟ್ಟಿದಾರೆ. ಉಳವಿ ಬಸ್ಸಿನ ಕಂಡಕ್ಟ್ರು ತಿಪ್ಪೇಶಣ್ಣ. ನಿಮ್ಮ ಹಳೇ ಶಿಷ್ಯರಂತೆ.”

ವಿದ್ವಾಂಸರ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. “ಕೇಳಿದ್ಯಾ? ಓದಪ್ಪ, ಜೋರಾಗಿ ಓದು!”

“‘ಮೂರು ವರ್ಷ ಗುರುಗಳ ಮನೆಗೆ ಪಾಠಕ್ಕೆ ಹೋದೆ. ಪಾಠ ನೆನಪಿಲ್ಲ. ಅಮ್ಮ ಕೊಟ್ಟ ಮಂಡಕ್ಕಿ ಒಗ್ಗರಣೆ ಮರೆತಿಲ್ಲ. ಬಸ್ಸು ತಪ್ಪಿದಾಗ ಊಟಕ್ಕೆ ಕೂರಿಸಿದವರು ಅಮ್ಮ. ಪರೀಕ್ಷೆಗೆ ಮುಂಚೆ ಶ್ಲೋಕ ಬಾಯಿಪಾಠ ಮಾಡಿಸಿದವರೂ ಅಮ್ಮನೇ. ಗುರುಗಳು ಒಳಗೆ ಕಾಗೆ ಬರೆಯುತ್ತಿದ್ದರು. ನಾನು ಪಾಸಾದದ್ದು ಅಮ್ಮನಿಂದ.’ ಹೆಡ್ಡಿಂಗು ‘ನಮ್ಮ ನಿರ್ಮಲಮ್ಮ’ ಅಂತಿದೆ ಸಾರ್.”

“ತೆಗೆದುಹಾಕು ಅದನ್ನ!”

ನಿರ್ಮಲಮ್ಮ ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡರು. ಒರೆಸಲು ತುಸು ಹೆಚ್ಚೇ ಹೊತ್ತು ಹಿಡಿಯಿತು. ಆಮೇಲೆ ಪೆನ್ನೆತ್ತಿ ಆರು ಪುಟದ ಸುಳ್ಳಿನ ಕೆಳಗೆ ದುಂಡಗೆ ಸಹಿ ಹಾಕಿದರು.

“ತಗೋ ಆಸಿಮ್. ತಿಪ್ಪೇಶಂದೂ ಅಚ್ಚಾಗ್ಬೇಕು. ಇಲ್ದಿದ್ರೆ ಭಾನುವಾರ ಯಾರ್ದು ಯಾರು ಬರೆದ್ರು ಅಂತ ಮೈಕಿನಾಗೆ ಹೇಳ್ತೀನಿ.”

ಆಸಿಮ್ ಬೈಕ್ ಏರಿದಾಗ ಉಚ್ಚಂಗಪ್ಪನವರು ಗೇಟಿನವರೆಗೆ ಓಡಿ ಬಂದು, ಮನೆಯತ್ತ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದರು.

“ಆ ಕಂಡಕ್ಟ್ರ ಲೇಖನ ಇರ್ಲಿ ಕಣಪ್ಪ. ಆದ್ರೆ ಕೆಳಗೆ ಅವನ ಹೆಸ್ರು ಬೇಡ, ನನ್ನದು ಹಾಕು. ಇಡೀ ಗ್ರಂಥದಾಗೆ ಓದೋ ಹಂಗಿರೋದು ಅದೊಂದೇ.”